ಬಿಳಿ ಜಾಗ ಯಾರದು?

“ರೂಪವನ್ನು ನೋಡಿ, ಕಪ್ಪು ಬಿಳುಪಿನ ವೈದೃಶ್ಯವನ್ನು ನೋಡಿ. ಅದರಾಚೆಗೆ ಏನನ್ನೂ ಹುಡುಕಲು ಹೋಗಬೇಡಿ. ಕಲೆಗೆ ಅಷ್ಟು ಸಾಕು.”

ಬೆಂಗಳೂರಿನ ಒಂದು ಸಭೆಯಲ್ಲಿ ಹಿರಿಯ ವಿಮರ್ಶಕರೊಬ್ಬರು ಹೀಗಂತ ಅಪ್ಪಣೆ ಕೊಡಿಸಿದರು. ಗೋಡೆ ತುಂಬಾ ಹತ್ತೊಂಬತ್ತನೇ ಶತಮಾನದ ಸಸ್ಯಚಿತ್ರಗಳನ್ನು ತೂಗುಹಾಕಿದ್ದರು. ಮರದಲ್ಲಿ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತಿದ ಎಲೆ, ಹೂವು, ಕಾಯಿ, ಬೇರು. ಕಾಫಿ ಲೋಟ ಹಿಡಿದ ಜನ ಒಂದು ಚಿತ್ರದಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯುತ್ತಿದ್ದರು. ಹೆಬ್ಬೂರಿನಿಂದ ಬೆಳಗಿನ ಬಸ್ಸು ಹತ್ತಿ ಹೋಗಿದ್ದ ನಾವು ಮೂವರು ಹಿಂದೆ ನಿಂತಿದ್ದೆವು. ನಮ್ಮಲ್ಲೊಬ್ಬ ಕೇಳಿದ: “ಸಾರ್, ಈ ಮರ ಕೆತ್ತಿದೋರು ಯಾರು? ಗಿಡ ಕಿತ್ಕೊಂಡು ಬಂದೋರು ಯಾರು?”

“ಅದು ಸಮಾಜಶಾಸ್ತ್ರದ ಪ್ರಶ್ನೆ ಕಣಪ್ಪ. ಕಲೆಯ ಪ್ರಶ್ನೆಯಲ್ಲ” ಅಂದರು ಅವರು. ಸಭೆ ನಕ್ಕಿತು. ನಾವು ಸುಮ್ಮನಾದೆವು. ಸುಮ್ಮನಾದದ್ದು ಉತ್ತರ ಸಿಕ್ಕಿದ್ದಕ್ಕಲ್ಲ, ಕಡೇ ಬಸ್ಸು ತಪ್ಪುತ್ತದೆ ಅಂತ. ಆವತ್ತು ಹೇಳಲಾಗದ್ದನ್ನು ಈಗ ಇಲ್ಲಿ ಹೇಳುತ್ತಿದ್ದೇವೆ.

ಈ ಮಾತು ಹೊಸದೇನಲ್ಲ. ನವ್ಯರ ಕಾಲದಿಂದ ಕೇಳಿಕೊಂಡು ಬಂದದ್ದೇ. ರೂಪವೇ ಸರ್ವಸ್ವ, ಉಳಿದದ್ದೆಲ್ಲ ಘೋಷಣೆ. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿದಾಗ ನಾವ್ಯಾರೂ ಹುಟ್ಟಿರಲಿಲ್ಲ. ಆದರೂ ಆ ಜಗಳ ನಮಗೆ ಪಿತ್ರಾರ್ಜಿತವಾಗಿ ಬಂದಿದೆ. ಹೊಲ ಬರಲಿಲ್ಲ, ಇದು ಬಂತು. ಆಗ ನಮ್ಮ ಹಿರಿಯರಲ್ಲಿ ಕೆಲವರು ‘ನಿಮ್ಮ ರೂಪ ನಿಮ್ಮ ಹತ್ತಿರವೇ ಇರಲಿ, ನಮಗೆ ವಸ್ತು ಮುಖ್ಯ’ ಅಂದುಬಿಟ್ಟರು. ಅದು ಅವಸರದ ಮಾತು ಅಂತ ಈಗ ನಮಗನ್ನಿಸುತ್ತದೆ. ರೂಪವನ್ನು ಯಾಕೆ ಬಿಟ್ಟುಕೊಡಬೇಕು? ಸರಿ ಸ್ವಾಮಿ, ನೀವು ಹೇಳಿದ ಹಾಗೇ ಆಗಲಿ, ರೂಪವನ್ನೇ ನೋಡೋಣ. ಕಪ್ಪನ್ನೂ ಬಿಳಿಯನ್ನೂ ನೋಡೋಣ. ಆದರೆ ನೆಟ್ಟಗೆ ನೋಡೋಣ.

ಮರದಚ್ಚು ಅಂದರೆ ಉಬ್ಬಚ್ಚು. ಮೊದಲು ಹಲಗೆಯ ಮೇಲೆ ಚಿತ್ರ ಬರೆಯುತ್ತಾರೆ, ಎಡಬಲ ತಿರುವಿ. ಆಮೇಲೆ ಕೆತ್ತುವವನು ಉಳಿ ಹಿಡಿದು ಕೂರುತ್ತಾನೆ. ಕಪ್ಪಾಗಿ ಬರಬೇಕಾದ ಗೆರೆಯನ್ನು ಅವನು ಮುಟ್ಟುವುದೇ ಇಲ್ಲ. ಗೆರೆಯ ಆಚೆ ಈಚೆ ಇರುವ ಮರವನ್ನು ಅಗೆದು ತೆಗೆಯುತ್ತಾನೆ. ಗೆರೆ ದಿಣ್ಣೆಯ ಹಾಗೆ ಎದ್ದು ನಿಲ್ಲುತ್ತದೆ. ಮಸಿ ಅದಕ್ಕೆ ಮಾತ್ರ ಹತ್ತುತ್ತದೆ. ಅಂದರೆ ಕಾಗದದ ಮೇಲೆ ಕಪ್ಪಾಗಿ ಕಾಣುವುದು ಉಳಿ ಮುಟ್ಟದ ಜಾಗ. ಖಾಲಿ, ಶೂನ್ಯ, ಅವಕಾಶ ಅಂತ ನೀವು ಹೊಗಳುವ ಬಿಳಿ ಇದೆಯಲ್ಲ, ಕೆಲಸವೆಲ್ಲ ನಡೆದಿರುವುದು ಅಲ್ಲಿ. ಒಂದೊಂದು ಬಿಳಿ ಚುಕ್ಕೆಯೂ ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಕಿತ್ತು ತೆಗೆದ ಮರದ ಚೂರು. ಎಲೆಯ ನೆರಳು ತೋರಿಸಲು ಗೆರೆಯ ಮೇಲೆ ಗೆರೆ ಅಡ್ಡ ಹಾಯಿಸುತ್ತಾರೆ, ಬಲೆ ಹೆಣೆದ ಹಾಗೆ. ತಾಮ್ರದ ತಗಡಿನಲ್ಲಾದರೆ ಅದು ಸಲೀಸು. ಮೊನೆಯಿಂದ ಗೀಚಿದ ಗೆರೆಯೊಳಗೇ ಮಸಿ ನಿಲ್ಲುತ್ತದೆ. ಮರದಲ್ಲಿ ಹಾಗಲ್ಲ. ಆ ಬಲೆಯ ಒಂದೊಂದು ಕಣ್ಣನ್ನೂ ಬಿಡಿಬಿಡಿಯಾಗಿ ತೋಡಬೇಕು. ಬೆರಳ ತುದಿಯಷ್ಟು ನೆರಳಿಗೆ ನೂರಾರು ಕಣ್ಣು.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ಪತ್ರಿಕೆಯ ರಕ್ಷಾಪುಟಕ್ಕೆ ಒಂದು ತಂಗಡಿ ಕೊಂಬೆ ಇರಲಿ ಅಂತ ಹಲಸಿನ ಹಲಗೆ ಹಿಡಿದು ಕೂತಿದ್ದೆವು. ತಂಗಡಿಯ ಒಂದು ಎಲೆಯಲ್ಲಿ ಹತ್ತು ಜೊತೆ ಕಿರಿಯೆಲೆ. ಮೂರು ರಾತ್ರಿ ಕೆತ್ತಿದರೂ ಒಂದೂವರೆ ಎಲೆ ಮುಗಿಯಲಿಲ್ಲ. ಹಲಸಿನ ನಾರು ತನಗೆ ಬೇಕಾದ ಕಡೆ ಸೀಳುತ್ತದೆ. ಉಳಿ ಜಾರಿ ಗೆರೆಯೇ ಹಾರಿಹೋಯಿತು. ಕೈಯಲ್ಲಿ ಬೊಬ್ಬೆ ಬಂದದ್ದು ಬಿಳಿಯಿಂದ, ಕಪ್ಪಿನಿಂದಲ್ಲ. ‘ಬಿಳಿಯ ಮೌನ’ ಅಂತ ಬರೆಯುವ ವಿಮರ್ಶಕರು ಒಂದು ಸಲ ಹಲಗೆ ಹಿಡಿದು ನೋಡಲಿ.

ಹತ್ತೊಂಬತ್ತನೇ ಶತಮಾನದವರು ಈ ನಾರಿನ ಕಾಟ ತಪ್ಪಿಸಿಕೊಂಡಿದ್ದರು. ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆಯ ಥಾಮಸ್ ಬ್ಯೂಯಿಕ್ (1753-1828) ಎಂಬ ಕುಶಲಕರ್ಮಿಯ ಕೈಯಲ್ಲಿ ಹೊಸ ರೀತಿಯೊಂದು ಬಲಿಯಿತು. ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವ ಬದಲು ಅಡ್ಡಕ್ಕೆ ಕೊಯ್ದು, ಆ ಕೊಯ್ದ ಮುಖದ ಮೇಲೆ ಕೆತ್ತುವುದು. ಬಾಕ್ಸ್‌ವುಡ್ ಅಂತ ಕಲ್ಲಿನಂಥ ಮರ, ನಮ್ಮ ಸೀಮೆಯದಲ್ಲ. ಅಡ್ಡಕೊಯ್ತಕ್ಕೆ ನಾರಿನ ದಿಕ್ಕೇ ಇಲ್ಲ, ಮೊನೆ ಹೇಗೆ ಬೇಕಾದರೂ ಓಡುತ್ತದೆ, ಕೂದಲೆಳೆಯಂಥ ಗೆರೆ ಬರುತ್ತದೆ. ಬ್ಯೂಯಿಕ್‌ನ ದೊಡ್ಡತನ ಇನ್ನೊಂದರಲ್ಲಿದೆ. ಅವನು ಕಪ್ಪು ಗೆರೆಯನ್ನು ಉಳಿಸುವ ಗೊಡವೆಗೇ ಹೋಗಲಿಲ್ಲ, ಬಿಳಿಯಲ್ಲೇ ಗೆರೆ ಎಳೆದ. ಕಪ್ಪು ನೆಲ, ಅದರ ಮೇಲೆ ಉಳಿ ಓಡಿದ ದಾರಿಯೇ ಚಿತ್ರ. ಕೆತ್ತಿದವನ ಕೈ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಲ್ಲ ಕಾಣುತ್ತದೆ. ಆದರೆ ಅವನು ಹೆಸರು ಮಾಡಿದ್ದು ಹಕ್ಕಿ ಪ್ರಾಣಿಗಳಲ್ಲಿ. ಸಸ್ಯಶಾಸ್ತ್ರದ ಪುಸ್ತಕಗಳು ಹೆಚ್ಚಾಗಿ ಕಪ್ಪು ಗೆರೆಯನ್ನೇ ಹಿಡಿದವು. ವಿದ್ವಾಂಸನ ಪೆನ್ನಿನ ಗೆರೆ ಹಾಗೇ ಬರಬೇಕು, ಕೆತ್ತಿದವನ ಉಳಿಯ ಗುರುತು ಉಳಿಯಕೂಡದು. ಕೆತ್ತುವವನು ಎಷ್ಟು ಜಾಣನೋ ಅಷ್ಟು ಕಾಣೆಯಾಗಬೇಕು. ನಮಗೆ ಗೊತ್ತಿರುವ ಇನ್ನೊಂದು ವ್ಯವಸ್ಥೆಯ ನೆನಪಾಗುವುದಿಲ್ಲವೇ? ಬಾವಿ ತೋಡಿದವನು ಬಾವಿಗೆ ಇಳಿಯಬಾರದು.

ಮರದಚ್ಚನ್ನು ಸಸ್ಯಶಾಸ್ತ್ರ ಬಳಸಿಕೊಂಡದ್ದು ಬರೀ ಅಂದಕ್ಕಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಅದು ಅಕ್ಷರದ ಮೊಳೆಗಳ ಎತ್ತರಕ್ಕೇ ನಿಲ್ಲುತ್ತದೆ. ಮೊಳೆಗಳ ಜೊತೆ ಚೌಕಟ್ಟಿನಲ್ಲಿ ಕೂರಿಸಿ ಒಂದೇ ಒತ್ತಿಗೆ ಚಿತ್ರ, ಮಾತು ಎರಡನ್ನೂ ಅಚ್ಚು ಹಾಕಬಹುದು. ತಾಮ್ರಕ್ಕೂ ಕಲ್ಲಚ್ಚಿಗೂ ಬೇರೆ ಯಂತ್ರ, ಬೇರೆ ಖರ್ಚು. ಸಾಹುಕಾರರಿಗೆ ಬಣ್ಣದ ಕಲ್ಲಚ್ಚು, ಶಾಲೆಗೂ ಅಗ್ಗದ ಪತ್ರಿಕೆಗೂ ಮರದಚ್ಚು. ಬೆಂಥಮ್ ಬರೆದ ಬ್ರಿಟನ್ನಿನ ಸಸ್ಯಗಳ ಕೈಪಿಡಿ 1865ರಲ್ಲಿ ಫಿಚ್ ಎಂಬಾತನ 1295 ಚಿತ್ರಗಳ ಮರಗೆತ್ತನೆಯೊಂದಿಗೆ ಬಂತು. ಕಪ್ಪು ಬಿಳುಪು ಎನ್ನುವುದು ಕಲಾವಿದನ ಧ್ಯಾನದಲ್ಲಿ ಹುಟ್ಟಿದ್ದಲ್ಲ, ಬಡ ಓದುಗನ ಜೇಬಿನಿಂದ ಹುಟ್ಟಿದ್ದು. ಈ ಮಾತನ್ನು ನಾವು ಮೆಚ್ಚಿಕೊಂಡೇ ಹೇಳುತ್ತಿದ್ದೇವೆ.

ಇನ್ನು ಗಿಡದ ರೂಪ. ಈ ಚಿತ್ರಗಳಲ್ಲಿ ಗಿಡಕ್ಕೆ ನೆಲವಿಲ್ಲ. ಬಿಳಿಯ ನಡುವೆ ಒಂದು ಕೊಂಬೆ ತೇಲುತ್ತಿರುತ್ತದೆ. ಮೊಗ್ಗು, ಅರಳಿದ ಹೂವು, ಮಾಗಿದ ಕಾಯಿ, ಒಡೆದ ಬೀಜ ಎಲ್ಲ ಒಟ್ಟಿಗೆ. ಒಂದು ಎಲೆಯನ್ನು ಬೇಕೆಂದೇ ಮಗುಚಿ ಅಡಿಭಾಗ ತೋರಿಸಿರುತ್ತಾರೆ. ಹುಳ ತಿಂದ ಎಲೆಯಿಲ್ಲ, ಮೇಕೆ ಕಚ್ಚಿದ ಕುಡಿಯಿಲ್ಲ, ಧೂಳಿಲ್ಲ. ಬೆಳಕು ಸಾಮಾನ್ಯವಾಗಿ ಎಡಗಡೆ ಮೇಲಿಂದ ಬೀಳುತ್ತದೆ. ಅಲ್ಲಿ ಹೊತ್ತು ಮುಳುಗುವುದೇ ಇಲ್ಲ. ಕೆಳಗೆ ಹೂವನ್ನು ಸೀಳಿ, ಕೇಸರ, ಅಂಡಾಶಯ ಬಿಡಿಸಿ ಇಟ್ಟಿರುತ್ತಾರೆ. ಇಂಥ ಗಿಡ ಭೂಮಿಯ ಮೇಲೆ ಎಲ್ಲೂ ಬೆಳೆದಿಲ್ಲ. ಹತ್ತು ಗಿಡ ನೋಡಿ, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಕೂಡಿಸಿ ಮಾಡಿದ್ದು. ದೂರದೇಶದವನೊಬ್ಬ ಪುಸ್ತಕ ನೋಡಿ ಗಿಡದ ಗುರುತು ಹಿಡಿಯಬೇಕಾದರೆ ಇದು ಬೇಕು, ಒಪ್ಪುತ್ತೇವೆ. ಶಾಸ್ತ್ರಕ್ಕೆ ಶಾಸ್ತ್ರದ ಅಗತ್ಯವಿರುತ್ತದೆ. ಆದರೆ ಏನನ್ನು ‘ಬೇಡದ್ದು’ ಅಂತ ಬಿಟ್ಟರು? ನಮ್ಮ ತಕರಾರು ಇರುವುದು ಅಲ್ಲಿ.

ತಂಗಡಿಯನ್ನೇ ತೆಗೆದುಕೊಳ್ಳಿ. ಹೆಬ್ಬೂರಿಂದ ಕುಣಿಗಲ್ ಕಡೆ ಹೋಗಲಿ, ಗುಬ್ಬಿ ಕಡೆ ಹೋಗಲಿ, ಬೀಳು ನೆಲ, ರಸ್ತೆ ಬದಿ, ಗೋಮಾಳ ಅಂತ ಏನಾದರೂ ಉಳಿದಿದ್ದರೆ ಅಲ್ಲಿ ತಂಗಡಿ ಇದ್ದೇ ಇರುತ್ತದೆ. ಕೆಲವರು ಆವರಿಕೆ ಅಂತಾರೆ. ಅರಿಶಿನದ ಹೂವು, ಚಪ್ಪಟೆ ಕಾಯಿ. ತೆಲಂಗಾಣದಲ್ಲಿ ಇದು ರಾಜ್ಯದ ಹೂವು, ಬತುಕಮ್ಮನಿಗೆ ಏರುವ ಹೂವು. ಬೆಂಗಳೂರಿನಲ್ಲಿ ಈಗ ಇದರ ಒಣ ಹೂವನ್ನು ಪೊಟ್ಟಣ ಕಟ್ಟಿ ಕಷಾಯಕ್ಕೆ ಅಂತ ಮಾರುತ್ತಾರೆ. ನಮ್ಮ ಕೇರಿಯಲ್ಲಿ ಇದು ಹೂವಿನ ಗಿಡವಲ್ಲ, ಚಕ್ಕೆಯ ಗಿಡ.

ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ತೊಳೆದು, ಆಮೇಲೆ ತಂಗಡಿ ಚಕ್ಕೆ ಕುಟ್ಟಿ ಹಾಕಿದ ನೀರಲ್ಲಿ ದಿನಗಟ್ಟಲೆ ಇಡಬೇಕು. ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ಚಕ್ಕೆ ತುಂಬಿ, ನೀರು ಹುಯ್ದು ತೂಗುಹಾಕುವುದೂ ಇತ್ತು. ಹಾಗೆ ಹದ ಮಾಡಿದ ತೊಗಲಿನಿಂದ ಎಕ್ಕಡ ಆಗುತ್ತಿತ್ತು, ಬಾವಿಯ ಕಪಿಲೆ ಆಗುತ್ತಿತ್ತು. ಪಂಪುಸೆಟ್ಟು ಬರುವ ಮುಂಚೆ ಈ ಸೀಮೆಯ ಅಡಿಕೆ ತೆಂಗಿನ ತೋಟಗಳು ಯಾವುದರಿಂದ ನೀರು ಕುಡಿದವು? ಮಾದಿಗರು ತಂಗಡಿ ಚಕ್ಕೆಯಲ್ಲಿ ಹದ ಮಾಡಿದ ತೊಗಲಿನಿಂದ. ಆ ನೀರಿಗೆ ಮೈಲಿಗೆ ಇರಲಿಲ್ಲ. ತೊಗಲು ಹದ ಮಾಡಿದ ಕೈಗೆ ಇತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತುಮಕೂರು, ಗುಬ್ಬಿಯ ಮೇಲೂ ಹಾದುಹೋದ. ಅವನು ಕಂಪನಿ ಸರ್ಕಾರದ ಲೆಕ್ಕಕ್ಕೆ ಬಂದವನು, ನಮ್ಮ ಮೇಲಿನ ಪ್ರೀತಿಗಲ್ಲ. ಆದರೂ ಮಾದಿಗರು ತೊಗಲು ಹದ ಮಾಡುವ ಬಗೆಯನ್ನು ಕೂತು ಕೇಳಿ ಬರೆದುಕೊಂಡ. ಮುಂದೆ ಇದೇ ಚಕ್ಕೆಯಲ್ಲಿ ಹದವಾದ ತೊಗಲು ಮದರಾಸಿನಿಂದ ಹಡಗು ಹತ್ತಿ ‘ಈಸ್ಟ್ ಇಂಡಿಯಾ ಕಿಪ್ಸ್’ ಅನ್ನುವ ಹೆಸರಲ್ಲಿ ಲಂಡನ್ನಿನ ಪೇಟೆಗೆ ಹೋಯಿತು. ಸಸ್ಯಶಾಸ್ತ್ರದ ಸಾಹೇಬರು ಗಿಡಗಳ ಬೆನ್ನು ಹತ್ತಿದ್ದು ಬರೀ ಅಂದ ಸವಿಯಲಿಕ್ಕೆ ಅಂತ ತಿಳಿದಿರುವ ಕಲಾವಾದಿಗಳು ಇದನ್ನೂ ಕೊಂಚ ತಿಳಿಯಲಿ.

ಈಗ ನಮ್ಮಲ್ಲೊಬ್ಬನ ಕಥೆ. ಅವನು ಹೈಸ್ಕೂಲಿನಲ್ಲಿದ್ದಾಗ ರೆಕಾರ್ಡ್ ಪುಸ್ತಕಕ್ಕೆ ಒಂದು ಗಿಡ ಬರೆದು ತರಬೇಕಾಗಿತ್ತು. ಎಲ್ಲರೂ ದಾಸವಾಳ ಬರೆದರು. ಇವನು ತಂಗಡಿ ಬರೆದ. ಕೊಂಬೆ, ಹೂವು, ಕಾಯಿ ಬರೆದು, ಬುಡದಲ್ಲಿ ಅಜ್ಜಿಯ ಕೈ ಬರೆದ, ಮಚ್ಚು ಹಿಡಿದು ಚಕ್ಕೆ ಸುಲಿಯುತ್ತಿರುವ ಕೈ. ಅವನಿಗೆ ಆ ಗಿಡ ಆ ಕೈ ಇಲ್ಲದೆ ಕಂಡಿರಲೇ ಇಲ್ಲ. ಮೇಷ್ಟ್ರು ಕೆಂಪು ಇಂಕಿನಲ್ಲಿ ಕೈಯನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಅನಗತ್ಯ’ ಅಂತ ಬರೆದರು. ಹತ್ತಕ್ಕೆ ಮೂರು ಅಂಕ. ಅವರೇನೂ ಕೆಟ್ಟ ಮನುಷ್ಯರಲ್ಲ. ಅವರಿಗೆ ಕಲಿಸಿದ ಚಿತ್ರದಲ್ಲೂ ಕೈ ಇರಲಿಲ್ಲ, ಅವರ ಮೇಷ್ಟ್ರ ಪುಸ್ತಕದಲ್ಲೂ ಇರಲಿಲ್ಲ. ನೂರೈವತ್ತು ವರ್ಷದ ಹಿಂದೆ ಯಾರೋ ಬಿಳಿ ಮಾಡಿಟ್ಟ ಜಾಗವನ್ನು ಅವರು ಕೆಂಪು ಇಂಕಿನಿಂದ ಕಾಯುತ್ತಿದ್ದರು, ಅಷ್ಟೇ. ಹುಡುಗ ಮನೆಗೆ ಬಂದು ರೆಕಾರ್ಡು ಮೂಲೆಗೆಸೆದ. ಅಜ್ಜಿ ಕೇಳಿದಳು: “ಏನ್ಲಾ, ನನ್ ಕೈ ಸರಿಯಾಗ್ ಬರೀಲಿಲ್ವಾ?”

ನಮ್ಮ ಸಿಟ್ಟು ಎಲ್ಲಿಂದ ಬಂತು ಅಂತ ಕೇಳುವವರಿಗೆ ಆ ಪ್ರಶ್ನೆ ಸಾಕು.

ಆದರೂ ಸತ್ಯಕ್ಕೆ ದ್ರೋಹ ಮಾಡಬಾರದು. ತಂಗಡಿಗೆ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಕ್ಯಾಸಿಯ ಆರಿಕ್ಯುಲೇಟ. ಈಗ ಅದನ್ನು ಸೆನ್ನ ಕುಲಕ್ಕೆ ಸೇರಿಸಿದ್ದಾರೆ. ಆರಿಕ್ಯುಲೇಟ ಅಂದರೆ ಕಿವಿಯುಳ್ಳದ್ದು. ಯಾವ ಕಿವಿ? ಎಲೆ ಹುಟ್ಟುವ ಬುಡದಲ್ಲಿ ಎರಡು ಅಗಲವಾದ ಪುಟ್ಟ ಎಲೆಗಳಿರುತ್ತವೆ, ಥೇಟು ಕಿವಿಯ ಹಾಗೆ ಕಾಂಡವನ್ನು ಅಪ್ಪಿಕೊಂಡು. ಹುಟ್ಟಿದಾಗಿಂದ ತಂಗಡಿ ನೋಡಿದ, ತಂಗಡಿ ಸುಲಿದ ನಾವು ಆ ಕಿವಿಯನ್ನು ನೋಡಿಯೇ ಇರಲಿಲ್ಲ. ಚಿತ್ರ ನೋಡಿದ ಮೇಲೆ ಗಿಡದ ಹತ್ತಿರ ಹೋಗಿ ನೋಡಿದೆವು, ಹೌದು, ಇದೆ. ಶಾಸ್ತ್ರದ ಗೆರೆ ನಮಗೊಂದು ಕಣ್ಣು ಕೊಟ್ಟಿತು. ಕೊಟ್ಟದ್ದನ್ನು ಇಲ್ಲವೆನ್ನುವ ಸಣ್ಣತನ ನಮಗೆ ಬೇಡ. ಚಿತ್ರವನ್ನು ಸುಡಿ ಅಂತ ನಾವು ಹೇಳುತ್ತಿಲ್ಲ. ಗಿಡದ ಕಿವಿಯನ್ನು ಇಷ್ಟು ಸೂಕ್ಷ್ಮವಾಗಿ ಕಂಡವರಿಗೆ ಗಿಡದ ಬುಡದಲ್ಲಿ ಕೂತ ಹೆಂಗಸು ಕಾಣಲಿಲ್ಲವೇ ಅಂತ ಕೇಳುತ್ತಿದ್ದೇವೆ.

ಕಂಡಿದ್ದಳು. ಕಂಡೂ ಬಿಟ್ಟರು ಅನ್ನುವುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ಹ್ಯೂ ಕ್ಲೆಗಾರ್ನ್ ಅಂತ ಕಂಪನಿಯ ವೈದ್ಯ. 1840ರ ದಶಕದ ನಡುವೆ ಶಿವಮೊಗ್ಗದಲ್ಲಿದ್ದ. ಅಲ್ಲೇ ಅವನಿಗೆ ಗಿಡಗಳ ಹುಚ್ಚು ಹತ್ತಿದ್ದು. ದಿನಕ್ಕೊಂದು ಗಿಡ ಅಂತ ನೇಮ ಹಿಡಿದು ಚಿತ್ರ ಬರೆಸಿದ. ಮುಂದೆ ಲಾಲ್‌ಬಾಗನ್ನು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಮಾಡಿಸಿದ್ದರಲ್ಲೂ ಅವನ ಪಾತ್ರವಿದೆ. ಅವನು ಕೂಡಿಟ್ಟ ಚಿತ್ರಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಹೆನ್ರಿ ನೋಲ್ಟಿ ಎಂಬ ವಿದ್ವಾಂಸರು 2016ರಲ್ಲಿ ಅವುಗಳ ಮೇಲೆ ಪುಸ್ತಕ ತಂದಿದ್ದಾರೆ. ಶಿವಮೊಗ್ಗದ ಆ ಚಿತ್ರಗಳನ್ನು ಬರೆದವನು ಯಾರು? ‘ಒಬ್ಬ ಮರಾಠಿ ಚಿತ್ರಗಾರ’. ಅಷ್ಟೇ. ಗಿಡಕ್ಕೆ ಎರಡು ಹೆಸರು, ಕುಲದ್ದೊಂದು, ಜಾತಿಯದೊಂದು. ಬರೆದವನಿಗೆ ಭಾಷೆಯ ಹೆಸರೊಂದೇ.

ಮದರಾಸಿನ ರಾಬರ್ಟ್ ವೈಟ್ ಇದ್ದುದರಲ್ಲಿ ವಾಸಿ. ಅವನ ‘ಐಕೋನ್ಸ್’ ಎಂಬ ಮಹಾಗ್ರಂಥ 1853ರಲ್ಲಿ ಮುಗಿಯಿತು. 2101 ಕಲ್ಲಚ್ಚಿನ ಚಿತ್ರ. ರಂಗಯ್ಯ, ಗೋವಿಂದು ಎಂಬ ಚಿತ್ರಗಾರರು ಅವನಿಗೆ ದುಡಿದರು. ಗೋವಿಂದುವಿನ ಕೈಚಳಕಕ್ಕೆ ಮೆಚ್ಚಿ ಒಂದು ಸೀತಾಳೆಯ ಕುಲಕ್ಕೇ ‘ಗೋವಿಂದೂಯಿಯ’ ಅಂತ ಹೆಸರಿಟ್ಟ. ಸಂತೋಷ. ಆದರೆ ಆ ಹೆಸರು ಈಗ ಚಲಾವಣೆಯಲ್ಲಿಲ್ಲ, ಶಾಸ್ತ್ರದ ನಿಯಮದಂತೆ ಟ್ರೊಪಿಡಿಯ ಎಂಬ ಇನ್ನೊಂದು ಕುಲದೊಳಗೆ ಸೇರಿಹೋಯಿತು. ಯಾರ ತಪ್ಪೂ ಇಲ್ಲ. ತಪ್ಪಿಲ್ಲದೆಯೇ ಅಳಿಸಿಹೋಗುವುದು ಕೆಲವರ ಹೆಸರಿಗೆ ಬಹಳ ಸುಲಭ ಅಂತ ಕಾಣುತ್ತದೆ.

ಆಗಿನ ಕಾಲವೇ ಹಾಗಿತ್ತು ಅಂತಾರೆ. ಇಲ್ಲ ಸ್ವಾಮಿ. ಇವರಿಗಿಂತ ಮುನ್ನೂರು ವರ್ಷ ಹಿಂದೆ, 1542ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಲಿಯೋನಾರ್ಟ್ ಫುಕ್ಸ್ ಎಂಬ ವೈದ್ಯನ ಸಸ್ಯಗ್ರಂಥ ಅಚ್ಚಾಯಿತು. ಐನೂರರಷ್ಟು ಮರದಚ್ಚು. ಆ ಪುಸ್ತಕದಲ್ಲಿ ಒಂದು ಪುಟವಿದೆ: ಗಿಡ ನೋಡಿ ಚಿತ್ರ ಬರೆದ ಆಲ್ಬ್ರೆಕ್ಟ್ ಮೇಯರ್, ಅದನ್ನು ಹಲಗೆಗೆ ಇಳಿಸಿದ ಹೈನ್ರಿಚ್ ಫುಲ್‌ಮೌರರ್, ಹಲಗೆ ಕೆತ್ತಿದ ವೈಟ್ ರುಡಾಲ್ಫ್ ಸ್ಪೆಕ್ಲ್. ಮೂವರ ಭಾವಚಿತ್ರ, ಮೂವರ ಹೆಸರು. ಕೆತ್ತುವವನ ಮುಖವೂ ಪುಸ್ತಕದೊಳಗೆ! ಅಂದಮೇಲೆ ಮಾಡಬೇಕು ಅಂದುಕೊಂಡವರಿಗೆ ಆಗುತ್ತಿತ್ತು. ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಯಾಕೆ ಆಗಲಿಲ್ಲ? ಬರೆದವನು ಕಪ್ಪಗಿದ್ದ, ಬರೆಸಿದವನು ಬೆಳ್ಳಗಿದ್ದ. ನಿಮ್ಮ ‘ವೈದೃಶ್ಯ’ ಇಲ್ಲೂ ಇದೆಯಲ್ಲ, ಇದನ್ನೂ ಕೊಂಚ ವಿಶ್ಲೇಷಿಸಿ.

ಅದೇ ಬಾಸೆಲ್‌ನಿಂದ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಛಾಪಖಾನೆ ಹಾಕಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟದ್ದು ಅಲ್ಲಿಂದಲೇ. ಅಲ್ಲಿ ಹುನ್‌ಜಿಕರ್ ಎಂಬಾತ 1862ರಲ್ಲಿ ದಕ್ಷಿಣ ಭಾರತದ ಗಿಡಗಳ ಒಂದು ಅಪರೂಪದ ಪುಸ್ತಕ ತಂದ. ಅದರಲ್ಲಿ ಚಿತ್ರ ಬರೆಯುವವನೇ ಇಲ್ಲ, ಹಸಿ ಗಿಡದಿಂದಲೇ ನೇರವಾಗಿ ಪಡಿಯಚ್ಚು ತೆಗೆದದ್ದು. ಎಲೆಯ ಒಂದೊಂದು ನರವೂ ಮೂಡುತ್ತದೆ. ಪುಸ್ತಕದ ಹೆಸರು ‘ನೇಚರ್ಸ್ ಸೆಲ್ಫ್ ಪ್ರಿಂಟಿಂಗ್’, ಪ್ರಕೃತಿ ತನ್ನನ್ನು ತಾನೇ ಅಚ್ಚು ಹಾಕಿಕೊಂಡದ್ದು! ಹೆಸರು ಚೆನ್ನಾಗಿದೆ. ಪ್ರಕೃತಿ ತಾನೇ ಕಾಡಿನಿಂದ ನಡೆದು ಬಂದು, ತಾನೇ ಮಸಿ ಬಳಿದುಕೊಂಡು, ಯಂತ್ರದಡಿ ಮಲಗಿ, ತಾನೇ ಹಿಡಿಕೆ ತಿರುಗಿಸಿತೇನೋ. ತುಳುನಾಡಿನಲ್ಲಿ ಮಿಷನ್ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು. ಜಾತಿ ಬಿಟ್ಟು ಬಂದು ಹೊಟ್ಟೆಪಾಡಿಗೆ ನೇಯ್ಗೆ, ಹೆಂಚು, ಅಚ್ಚು ಅಂತ ಮಿಷನ್ನಿನ ಕೆಲಸ ಹಿಡಿದವರು. ಅವರಿಗೆ ಮಿಷನ್ ಅನ್ನ ಕೊಟ್ಟಿತು, ಅಕ್ಷರ ಕೊಟ್ಟಿತು, ಇದನ್ನು ನಾವು ಮರೆಯುವವರಲ್ಲ. ಪುಸ್ತಕದ ಹೆಸರಿನಲ್ಲಿ ಮಾತ್ರ ಅಂಥ ಕೈಗಳಿಗೆ ಜಾಗ ಸಿಗಲಿಲ್ಲ, ಪ್ರಕೃತಿಗೆ ಸಿಕ್ಕಿತು.

ಹಾಗಂತ ಗಿಡದ ಅರಿವು ಯಾರದೆಂದು ಒಪ್ಪಿಕೊಂಡ ಪುಸ್ತಕವೇ ಇಲ್ಲವೆಂದಲ್ಲ. ಕೊಚ್ಚಿಯ ಡಚ್ಚರು ಮಾಡಿಸಿದ ‘ಹೊರ್ಟಸ್ ಮಲಬಾರಿಕಸ್’ (1678-1693) ಹನ್ನೆರಡು ಸಂಪುಟದ್ದು, ತಾಮ್ರದಚ್ಚಿನದು. ಅದರ ಮೊದಲ ಸಂಪುಟದಲ್ಲೇ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನ ಒಪ್ಪಿಗೆಪತ್ರ ಅವನದೇ ಲಿಪಿಯಲ್ಲಿ ಅಚ್ಚಾಗಿದೆ. ಮೇಲುಜಾತಿಯವರು ಮುಟ್ಟದ ಜನರೊಳಗಿಂದ ಬಂದವನು ಗಿಡಗಳ ಹೆಸರು ಹೇಳಿದ, ಗುಣ ಹೇಳಿದ. ಹೇಳಿದ್ದು ನಾನೇ ಅಂತ ಅಚ್ಚಿನಲ್ಲಿ ನಿಂತ. ಹದಿನೇಳನೇ ಶತಮಾನಕ್ಕೆ ಸಾಧ್ಯವಾದದ್ದು ಹತ್ತೊಂಬತ್ತಕ್ಕೆ ಕಷ್ಟವಾಯಿತು, ಇಪ್ಪತ್ತೊಂದರಲ್ಲಿ ನಮ್ಮ ಪ್ರಶ್ನೆಗೆ ಸಭೆ ನಗುತ್ತದೆ.

ನಮ್ಮವರಿಗೂ ಒಂದು ಮಾತಿದೆ. ಕಹಿಯಾದರೂ ಹೇಳಲೇಬೇಕು. ಮರದಚ್ಚು, ಲಿನೋ ಅಚ್ಚು ನಮ್ಮ ಚಳವಳಿಗಳ ಕಲೆಯೂ ಹೌದು. ಜರ್ಮನಿಯ ಕ್ಯಾಥೆ ಕೋಲ್ವಿಟ್ಜ್ ಯುದ್ಧದಲ್ಲಿ ಮಗನನ್ನು ಕಳಕೊಂಡು ಮರಕ್ಕೆ ಉಳಿ ಇಟ್ಟಳು. ಬಂಗಾಳದಲ್ಲಿ ಚಿತ್ತಪ್ರಸಾದ್ ಲಿನೋ ಕೆತ್ತಿದ, ಸೋಮನಾಥ ಹೋರ್ ತೇಭಾಗ ರೈತರನ್ನು ಮರದಲ್ಲಿ ಕೆತ್ತಿದ. ನಮ್ಮ ಪತ್ರಿಕೆಗಳೂ ಆ ದಾರಿ ಹಿಡಿದವು. ಆದರೆ ಈಚೆಗೆ ನಮ್ಮ ರಕ್ಷಾಪುಟಗಳಲ್ಲಿ ಏನಿರುತ್ತದೆ? ಎತ್ತಿದ ಮುಷ್ಟಿ, ಮುರಿದ ಸರಪಳಿ, ಹುಟ್ಟುವ ಸೂರ್ಯ. ಸುತ್ತ ಬಿಳಿ. ಯಾವ ಊರಿನ ಮುಷ್ಟಿ? ಏನು ಕೆಲಸ ಮಾಡಿ ಗಂಟು ಕಟ್ಟಿದ ಬೆರಳು? ಹುಡುಕಿದರೂ ಸಿಗುವುದಿಲ್ಲ. ಸಾಹೇಬರ ಗಿಡದ ಹಾಗೇ ನಮ್ಮ ಮುಷ್ಟಿಯೂ ನೆಲವಿಲ್ಲದೆ ತೇಲುತ್ತಿದೆ. ಕೆಲವು ಸಲ ಅದನ್ನು ಇನ್ನೊಂದು ಪತ್ರಿಕೆಯಿಂದ ಮೊಬೈಲಿನಲ್ಲಿ ಹೊಡೆದುಕೊಂಡು ಹಾಕಿರುತ್ತೇವೆ, ಕೆತ್ತಿದವರ ಹೆಸರನ್ನು ನಾವೂ ಹಾಕಿರುವುದಿಲ್ಲ. ಕ್ಲೆಗಾರ್ನ್‌ನನ್ನು ಬೈಯುವ ಬಾಯಿ ಇದಕ್ಕೂ ಉತ್ತರ ಕೊಡಬೇಕು.

ಬೇರೆ ರೂಪ ಸಾಧ್ಯವಿಲ್ಲವೇ ಅಂದರೆ, ಕಿಳ್ಳೇಕ್ಯಾತರ ತೊಗಲುಗೊಂಬೆಯ ಮರವನ್ನು ನೋಡಿ. ಅದೂ ಉಳಿಯ ಕೆಲಸವೇ. ತೊಗಲಿಗೆ ತೂತು ಹೊಡೆದರೆ ದೀಪದ ಬೆಳಕು ತೂರಿ ಬಂದು ಚಿತ್ರವಾಗುತ್ತದೆ. ಅಲ್ಲೂ ಕತ್ತಲು ಬೆಳಕಿನ ವೈದೃಶ್ಯವಿದೆ, ಯಾವ ಬ್ಯೂಯಿಕ್‌ಗೂ ಕಮ್ಮಿಯಿಲ್ಲದ್ದು. ಆದರೆ ಆ ಮರದಲ್ಲಿ ಕೋತಿ ಇದೆ, ಹಕ್ಕಿ ಇದೆ. ಮರ ಒಂಟಿಯಲ್ಲ. ಅದನ್ನು ‘ಜಾನಪದ’ ಅಂತ ಬೇರೆ ಕೋಣೆಯಲ್ಲಿಟ್ಟು, ಇದನ್ನು ‘ಕಲೆ’ ಅಂತ ಗೋಡೆಗೆ ಹಾಕುವವರು ಯಾವ ರೂಪದ ಮಾತಾಡುತ್ತಿದ್ದಾರೆ?

ಹಳ್ಳಿ ಶಾಲೆಗಳ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ನಮ್ಮ ಕೇಳಿಕೆ ದೊಡ್ಡದೇನಲ್ಲ. ಹಳೆಯ ಸಸ್ಯಚಿತ್ರಗಳು ಈಗ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ವೈಟ್‌ನ ಇಡೀ ‘ಐಕೋನ್ಸ್’ ಸಿಗುತ್ತದೆ. ಮಕ್ಕಳಿಗೆ ತೋರಿಸಿ. ಕಿವಿ ತೋರಿಸಿ, ಕೇಸರ ತೋರಿಸಿ, ಗೆರೆ ಹೇಗೆ ಓಡಿದೆ ತೋರಿಸಿ. ಆಮೇಲೆ ಸುತ್ತಲಿನ ಬಿಳಿಯ ಮೇಲೆ ಬೆರಳಿಟ್ಟು, ಇಲ್ಲಿ ಯಾರಿದ್ದರು ಅಂತ ಕೇಳಿ. ಒಂದು ಮಗು ‘ನಮ್ಮಜ್ಜಿ’ ಅಂತ ಬರೆದರೆ ಕೆಂಪು ಪೆನ್ನನ್ನು ಜೇಬಿನಲ್ಲೇ ಬಿಡಿ.

ಮುಂದಿನ ಸಂಚಿಕೆಯ ರಕ್ಷಾಪುಟಕ್ಕೆ ಹೊಸ ಹಲಗೆ ಹಿಡಿದಿದ್ದೇವೆ. ಹಲಸು ಬೇಡವೆಂದು ಈ ಸಲ ಚನ್ನಪಟ್ಟಣದ ಗೊಂಬೆಯವರು ಕಡೆಯುವ ಹಾಲೆಮರ ತಂದಿದ್ದೇವೆ, ಅದು ಮೆತ್ತಗೆ ಮಾತು ಕೇಳುತ್ತದೆ. ತಂಗಡಿ ಕೊಂಬೆ, ಎಲೆ ಬುಡದ ಕಿವಿ, ಬುಡದಲ್ಲಿ ಮಚ್ಚು ಹಿಡಿದ ಕೈ. ಹೆಬ್ಬೆರಳ ಉಗುರು ಇನ್ನೂ ಬಾಕಿ ಇದೆ. ಚಿತ್ರ ಬರೆದವರು, ಹಲಗೆ ಕೊಯ್ದು ಕೊಟ್ಟವರು, ಕೆತ್ತಿದವರು, ಒತ್ತಿದವರು, ಎಲ್ಲರ ಹೆಸರೂ ಮೊದಲ ಪುಟದಲ್ಲೇ ಇರುತ್ತದೆ. ತಂಗಡಿಗೆ ನಿಮ್ಮ ಕಡೆ ಏನಂತಾರೆ, ಚಕ್ಕೆ ಯಾವ ತಿಂಗಳಲ್ಲಿ ಸುಲಿಯುತ್ತಿದ್ದರು, ಯಾರು ಸುಲಿಯುತ್ತಿದ್ದರು, ಕೇಳಿ ಬರೆದು ಕಳಿಸಿ. ಹೇಳಿದವರ ಹೆಸರು ಬಿಡಬೇಡಿ.